ಹನ್ನೆರಡು ಹತ್ತೊಂಬತ್ತು

ವಣ್ಣೂರಸ್ವಾಮಿಯ ಜೀನ್ಸ್ ಗೋದಾಮಿನಲ್ಲಿ
ರಾತ್ರಿ ಒಂಬತ್ತರ ಮೇಲೆ ನಮ್ಮ ಶಾಲೆ.
ಹೊಲಿಗೆಯಂತ್ರಗಳೆಲ್ಲ ಬಾಯಿ ಮುಚ್ಚಿದ ಹೊತ್ತು.
ಆಳೆತ್ತರ ಪೇರಿಸಿದ ಪ್ಯಾಂಟಿನ ಗಂಟುಗಳು
ಪ್ರತಿಧ್ವನಿಯನ್ನೆಲ್ಲ ನುಂಗಿಬಿಡುತ್ತವೆ.
ಇಂಥ ಸ್ಟುಡಿಯೋ ಬಳ್ಳಾರಿಯಲ್ಲಿ
ದುಡ್ಡು ಕೊಟ್ಟರೂ ಸಿಗಲಿಕ್ಕಿಲ್ಲ.
ಫ್ಯಾನು ಮಾತ್ರ ಹಾಕುವಂತಿಲ್ಲ,
ಮೈಕಿಗೆ ಗಾಳಿಯೂ ಒಂದು ಮಾತು.

ಖಾಜಾಬನಿ ಹಗಲು ಇಲ್ಲೇ ಗುಂಡಿ ಹಚ್ಚುವವಳು,
ರಾತ್ರಿ ನನ್ನ ಪಾಠ ಕತ್ತರಿಸುವವಳು.
"ಸರ, ಇಲ್ಲಿ ಮೂರು ಸಲ 'ಅಂದರೆ' ಅಂದೀರಿ,
ಒಂದಕ್ಕೂ ಅರ್ಥ ಬಂದಿಲ್ಲ."
ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ
ಯಾರೂ ಮುಟ್ಟದ ನನ್ನ ಪೀಠಿಕೆ
ನೆಲಕ್ಕೆ ಬಿತ್ತು, ನೀಲಿ ಚಿಂದಿಗಳ ಜೊತೆ.

ಮೊದಲ ಪಾಠ ನಲವತ್ತು ನಿಮಿಷ.
ಮಕ್ಕಳು ಮೂರನೆಯದಕ್ಕೇ ಎದ್ದುಹೋಗಿದ್ದರು.
ತರಗತಿಯಲ್ಲಾದರೆ ಬಾಗಿಲಿತ್ತು, ಬೆಲ್ಲಿತ್ತು, ನನ್ನ ಕಣ್ಣಿತ್ತು.
ಇಲ್ಲಿ ಬರೀ ಒಂದು ಹೆಬ್ಬೆರಳು.
ಅದಕ್ಕೆ ನನ್ನ ಹೆದರಿಕೆಯಿಲ್ಲ.

ಸಂಡೂರಿನ ಒಬ್ಬ ಹುಡುಗನಿಗೆ ಫೋನು ಸಿಗುವುದು
ಅಪ್ಪ ಲಾರಿ ಇಳಿದ ಮೇಲೆ, ಹನ್ನೊಂದಕ್ಕೆ,
ಆ ದಿನದ ನೆಟ್ಟು ಮುಗಿಯುವ ಮುಂಚೆ.
ಅವನಿಗೆ ತಕ್ಕ ಹಾಗೆ ಹಗುರ ಮಾಡಿದೆವು:
ಡಮಡಮ ಸಂಗೀತ ಬೇಡ, ಹಾರಿಬರುವ ಅಕ್ಷರ ಬೇಡ,
ಕೋಟು ತೊಟ್ಟ ಕಾರ್ಟೂನ್ ಗೂಬೆ ಬೇಡವೇ ಬೇಡ.
ಒಂದು ಕೈ, ಒಂದು ಸೀಮೆಸುಣ್ಣ,
ಒಂದು ಪ್ರಶ್ನೆ.

ಏಳನೆಯ ಪಾಠ, ನೆರಳು.
ಎಲ್ಲಿಂದಲೋ ಎತ್ತಿದ ವಾಕ್ಯ
ನನ್ನ ಬಾಯಲ್ಲಿ ಎಷ್ಟು ಚೆಂದ ಕೂತಿತ್ತು!
"ನಡುಮಧ್ಯಾಹ್ನ ನೆರಳು ಗಿಡ್ಡ. ಆದರೆ ಮಕ್ಕಳೇ,
ನೆರಳು ಎಂದೂ ಪೂರ್ತಿ ಮಾಯವಾಗುವುದಿಲ್ಲ."
ಕೊನೆಗೆ ದನಿ ತುಸು ತಗ್ಗಿಸಿದ್ದೆ,
ಏನೋ ತತ್ವ ಹೇಳಿದವನಂತೆ.
ಖಾಜಾಬನಿಯೂ ಕತ್ತರಿಸಲಿಲ್ಲ. ಅವಳಿಗೂ ಹಿಡಿಸಿತ್ತು.

ಮೇ ತಿಂಗಳ ಮೊದಲ ವಾರ
ತೆಕ್ಕಲಕೋಟೆಯಿಂದ ಮಾರೆಕ್ಕನ ಫೋನು.
ಎಂಟನೇ ತರಗತಿ. ಇಂದಿಗೂ ಮುಖ ನೋಡಿಲ್ಲ.
"ಸರ, ಮಾಳಿಗಿ ಮ್ಯಾಲೆ ಪೌಡರ್ ಡಬ್ಬಿ ನಿಲ್ಸಿದ್ದೆ.
ದಿನಾ ಗೆರಿ ಹೊಡದು ಇಟ್ಟೀನಿ.
ಇವತ್ತು ಹನ್ನೆರಡು ಹತ್ತೊಂಬತ್ತಕ್ಕ ನೆಳ್ಳು ಇದ್ದಿಲ್ರಿ.
ಕೂದಲೆಳಿ ಸುದ್ದಾ ಇದ್ದಿಲ್ಲ.
ಬಗ್ಗಿದ್ರ ನನ್ನ ನೆಳ್ಳು ಬೀಳ್ತದಂತ
ದೂರ ಕುಂತು ನೋಡೀನಿ."

ಸರಿಯಾಗಿ ನೋಡಿದೆಯಾ, ಎಂದೆ.
ಮೇಷ್ಟರ ಹಳೆಯ ಕೋಲು ಅದು.
"ನೀವೇ ಹೇಳಿದ್ರಲ್ರಿ ಎರಡನೇ ಪಾಠದಾಗ,
ಯಾರು ಹೇಳಿದ್ರೂ ಒಮ್ಮೆ ಅಳದು ನೋಡ್ರಿ ಅಂತ."

ಆ ವಾಕ್ಯ ಹುಟ್ಟಿದ ಊರಲ್ಲಿ ಅದು ನಿಜವಿದ್ದೀತು.
ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ,
ಮರ್ಯಾದಸ್ಥ ನೆಂಟನ ಹಾಗೆ
ತುಸು ವಾಲಿಕೊಂಡೇ ಹಾದುಹೋಗುತ್ತಾನೆ.
ನಮ್ಮಲ್ಲಿ ವರ್ಷಕ್ಕೆ ಎರಡು ಸಲ
ನೇರ ತಲೆಯ ಮೇಲೆ ಕಾಲಿಡುತ್ತಾನೆ.
ಐವತ್ತು ಬೇಸಿಗೆ ಬೈದುಕೊಂಡೇ ಕಳೆದ ನಾನು
ಒಮ್ಮೆಯೂ ಕಾಲಬುಡ ನೋಡಿಕೊಳ್ಳಲಿಲ್ಲ.

ಆ ರಾತ್ರಿ ಖಾಜಾಬನಿ ಮೌಸಿನ ಮೇಲೆ ಬೆರಳಿಟ್ಟು ಕೇಳಿದಳು,
"ಪಾಠ ಪೂರ್ತಿ ತೆಗಿಲೇನ್ರಿ, ಬರೇ ಆ ಸಾಲು ತೆಗಿಲಾ?"
ಎರಡೂ ಬೇಡ. ತಪ್ಪು ಇದ್ದ ಹಾಗೇ ಇರಲಿ,
ಅದರ ಬೆನ್ನಿಗೆ ಮಾರೆಕ್ಕನ ದನಿ ಹೊಲಿದುಬಿಡು.
ಹಿಂದೆ ಒಂದು ಕೋಳಿ ಕೂಗುತ್ತದೆ,
ನಳ ಬಂತು, ಕೊಡ ತಗೊಂಡು ಬಾರೇ ಎಂದು
ಯಾರೋ ಕೆಳಗಿನಿಂದ ಒದರುತ್ತಾರೆ.
ಅದನ್ನೂ ಕತ್ತರಿಸಬೇಡ.

ಆಗಸ್ಟಿನಲ್ಲಿ ಆ ದಿನ ಇನ್ನೊಮ್ಮೆ ಬರುತ್ತದೆ.
ಮೋಡ ಇದ್ದರೂ ಇದ್ದೀತು.
ಇಷ್ಟು ದಿನ ಬೀಗದ ಕೈ ಕೊಟ್ಟು
ಏನೂ ಕೇಳದೆ ಹೋಗುತ್ತಿದ್ದ ವಣ್ಣೂರಸ್ವಾಮಿ
ನಿನ್ನೆ ಬಾಗಿಲಲ್ಲೇ ನಿಂತು ಕೇಳಿದ:
"ಅವತ್ತು ಹೊಲಿಯೋರಿಗೆಲ್ಲ ಮಿಷಿನ್ ಬಂದ್ ಮಾಡಿಸಿ
ಮ್ಯಾಲೆ ಕಳಸಬೇಕಂದ್ರ
ಎಷ್ಟು ಹೊತ್ತು ಬಿಡಬೇಕ್ರೀ ಸರ?
ಒಂದು ನಿಮಿಷ ಸಾಕಾ?"