ಕೌದಿಯ ಹೊಟ್ಟೆ

ಜಹ್ರಾದ ಆಚೆ, ಡಾಂಬರು ಮುಗಿಯುವಲ್ಲಿ,
ಲಾಯದ ತಗಡು ರಾತ್ರಿಯೆಲ್ಲ ಹಲ್ಲು ಕಡಿಯುತ್ತದೆ.
ಮರಳುಗಾಡೆಂದರೆ ಬರೀ ಬಿಸಿಲೆಂದು ನಂಬಿ
ಸ್ವೆಟರಿಲ್ಲದೆ ವಿಮಾನ ಹತ್ತಿದವನು ನಾನು.
ಮೊದಲ ಜನವರಿಯಲ್ಲಿ ಬಕೆಟ್ಟಿನ ನೀರ ಮೇಲೆ
ಹಪ್ಪಳದಂಥ ಹಿಮದ ಪದರ ಕಂಡು
ಬೆರಳಿಟ್ಟು ಮುರಿದು ಬಾಯಿಗೆ ಹಾಕಿಕೊಂಡಿದ್ದೆ.

ಘೈಮಾ ಮುದುಕಿ. ಇಪ್ಪತ್ತೆರಡು ತುಂಬಿತು.
ಅವಳು ಗೆದ್ದ ದಿನದ ಫೋಟೋ ಮಾಲೀಕನ ದಿವಾನಿಯಾದಲ್ಲಿದೆ,
ಹೀಟರಿನ ಮೇಲ್ಗಡೆ, ಬೆಚ್ಚಗೆ.
ಎಳೆಯ ಕುದುರೆಗಳಿಗೆ ಜರ್ಮನಿಯ ಹೊದಿಕೆ,
ಎದೆಗೆ ಎರಡೆರಡು ಬಕಲು.
'ಇವಳಿಗೆ?' ಎಂದೆ. ಅಬು ಮಿಶಾಲ್ ಕಾರಿನ ಗಾಜು ಇಳಿಸಿ
ಐದು ದಿನಾರು ಕೊಟ್ಟ.
ಕೆಟ್ಟವನಲ್ಲ. ಗಾಜು ಏರಿತು.

ಸೂಕಿನಲ್ಲಿ ಹೀಟರಿಗೆ ಹದಿನೆಂಟು, ಹಳೆಯದಕ್ಕೆ ಹನ್ನೆರಡು.
ಒಣಹುಲ್ಲಿನ ಪಕ್ಕ ಕೆಂಪಾಗುವ ತಂತಿಯನ್ನು ನೆನೆದು
ಕೇಳಿದ್ದೇ ತಪ್ಪೆಂದು ಹೊರಟುಬಂದೆ.
ಟೇಕ್ ಬಹಾದ್ದೂರ ನಕ್ಕ. ಮುಸ್ತಾಂಗಿನವನು,
ಚಳಿ ಅವನಿಗೆ ಹಳೇ ನೆಂಟ.
'ಕುದುರೆಯ ಒಲೆ ಒಳಗಡೆ ಇದೆ, ಭಾಯಿ.
ಹುಲ್ಲು ಅರೆಯುತ್ತಿರುವಷ್ಟು ಹೊತ್ತು ಅದು ಉರಿಯುತ್ತದೆ.
ಕಾಳು ಸುರಿಯಬೇಡ, ಹುಲ್ಲು ಒಡ್ಡು, ಅದೂ ರಾತ್ರಿ.'

ಮೂರೂವರೆ ಹುಲ್ಲಿಗೆ ಹೋಯಿತು,
ಮುಕ್ಕಾಲು ದಬ್ಬಣ-ದಾರಕ್ಕೆ, ಕಾಲು ಉಪ್ಪಿಗೆ:
ಬಿಸಿನೀರಿಗೆ ಚಿಟಿಕೆ ಬಿದ್ದರೆ ಕುಡಿಯುತ್ತಾಳೆ ಹಟಮಾರಿ.
ಉಳಿದರ್ಧದಲ್ಲಿ ನಾವಿಬ್ಬರೂ ಚಹಾ ಕುಡಿದೆವು.
ಲೆಕ್ಕ ಮುಗಿಯಿತು.

ಶಮಾಲ್ ನುಗ್ಗುವ ಕಡೆ ಫ್ರಿಜ್ಜಿನ ರಟ್ಟು ಬಡಿದೆ,
ಮೇಲೆ ಎರಡು ಗೇಣು ಬಿಟ್ಟು.
ಗಾಳಿ ತಡೆ, ಉಸಿರು ತಡೆಯಬೇಡ;
ಉಚ್ಚೆಯ ಘಾಟಿಗೆ ಕೆಮ್ಮುವ ಕುದುರೆ
ನಡುಗುವ ಕುದುರೆಗಿಂತ ಬೇಗ ಸಾಯುತ್ತದೆ.

ಆಮೇಲೆ ಕೌದಿ.
ಮಲಬಾರಿಯ ಹೋಟೆಲಿನ ಹಿಂದೆ ಸಿಕ್ಕಿದವು
ಬಾಸ್ಮತಿಯ ಗೋಣಿಚೀಲ ಆರು. ಮೇಲೆ ನನ್ನ ಹಳೆಯ ನೀಲಿ ಕವರಾಲು,
ಕಂಕುಳಲ್ಲಿ ಹರಿದ ದಿಶ್‌ದಾಶಾ, ಟೇಕ್‌ನ ಫುಟ್ಬಾಲ್ ಜರ್ಸಿ,
ಹೇಳದೆ ಊರಿಗೆ ಹೋದ ಸೂಡಾನಿ ಬಿಟ್ಟುಹೋದ ಲುಂಗಿ.
ಹಳಿಯಾಳದ ಕಾಡಂಚಿನಲ್ಲಿ ನಮ್ಮವ್ವ ಲುಯಿಜಾ
ಅಳತೆಪಟ್ಟಿ ಮುಟ್ಟಿದವಳಲ್ಲ.
ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಿದ್ದಳು,
ಹಸು ಗೂಟದ ಕಡೆ ಬರುವ ಹಾಗೆ.
ನಡುವೆ ಅಂಗೈಯಗಲ ಉಳಿದಾಗ ಸೂಜಿ ನಿಲ್ಲಿಸಿ
ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚಿ ಹೊಲಿಯುವಳು:
'ಹಸಿದ ಕೌದಿ ಯಾರನ್ನೂ ಬೆಚ್ಚಗಿಡೋದಿಲ್ಲ, ಬಸ್ತ್ಯಾಂವ.'

ಒಮ್ಮೆ ಸಂಶೋಧಕನೊಬ್ಬ ಬಂದು ಕಟ್ಟೆಯ ಮೇಲೆ ಕೂತು ಹೇಳಿದ್ದ,
'ನಿಮ್ಮ ಸಿದ್ದಿ ಹಿರಿಯರು ಅರಬರ ಹಡಗಿನಲ್ಲಿ ಬಂದವರಮ್ಮ,
ಕುದುರೆಗಳ ಜೊತೆ, ಸರಕಾಗಿ.'
ಅವ್ವ ಹಲ್ಲಿನಲ್ಲಿ ದಾರ ಕಡಿದು ಕೇಳಿದಳು,
'ದಾರಿಯುದ್ದಕ್ಕೂ ಆ ಕುದುರೆಗೆ ಹುಲ್ಲು ಹಾಕಿದವರ‍್ಯಾರು?'
ಅವನು ಬರೆದುಕೊಳ್ಳಲಿಲ್ಲ.

ಎರಡು ವಾರ ಹೊಲಿದೆ, ಲಾಯದ ಒಂಟಿ ಬಲ್ಬಿನಡಿ.
ಗೋಣಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿ ಕೆದಕಿ
ಕೌದಿಯ ಹೊಟ್ಟೆಗಿಟ್ಟೆ.
ನಾಲ್ಕು ಮೂಲೆಗೆ ನಾಲ್ಕು ಬಟ್ಟೆಯ ಹೂವು ಮಡಚಿದೆ;
ಹೂವಿಲ್ಲದ ಕೌದಿ ಬೆತ್ತಲೆ ಅನ್ನುತ್ತಾರೆ ನಮ್ಮಲ್ಲಿ.

ಹುಲ್ಲಿನ ಸಿಂಬೆಯಿಂದ ಮೈಯುಜ್ಜಿ, ಒಣಗಿಸಿ, ಹೊದೆಸಿದೆ.
ಘೈಮಾ ಕತ್ತು ತಿರುಗಿಸಿ ಮೂಸಿದಳು.
ಅವಳ ಬೆನ್ನ ಮೇಲೆ ತಲೆಕೆಳಗಾಗಿ, ಮಾಸಿದ ಹಸಿರಿನಲ್ಲಿ:
ನಿವ್ವಳ ತೂಕ ನಲವತ್ತು ಕಿಲೋ.
ಟೇಕ್ ನಕ್ಕು ನಕ್ಕು ಗೋಡೆಗೊರಗಿದ.

ಮೂರು ಗಂಟೆಗೆ ಎದ್ದು ಹೋದೆ. ಬಲಮೂಲೆಯ ಹೂವು ಇರಲಿಲ್ಲ.
ಅವಳು ಅಗಿಯುತ್ತಿದ್ದಳು, ಏನೆಂದು ಕೇಳಲಿಲ್ಲ.
ಮೈಯ ಬಿಸಿಯನ್ನು ಕಿವಿಯ ಬುಡ ಹೇಳುತ್ತದೆ ಅನ್ನುತ್ತಾರೆ.
ಹಿಡಿದು ನೋಡಿದೆ. ಬೆಚ್ಚಗಿತ್ತು,
ಈಗಷ್ಟೇ ಒಲೆಯಿಂದಿಳಿಸಿದ ರೊಟ್ಟಿಯ ಅಂಚಿನ ಹಾಗೆ.
ನನ್ನ ಕೈ ತಣ್ಣಗಿತ್ತು.
ತೆಗೆಯಲಿಲ್ಲ. ಅವಳೂ ಕೊಡವಲಿಲ್ಲ.