ಷರಾ

ನನ್ನ ರಿಜಿಸ್ಟರಿನ ಹದಿನೇಳನೇ ಪುಟ:
ಜಾಮರ್, ಒಂದು.
ಮೊದಲು ಮೂರಿದ್ದವು, ನೆಲಕ್ಕೆ, ನೀರಿಗೆ, ಬಾನಿಗೆ;
ದುಡ್ಡು ಉಳಿಯಲೆಂದು ಈಗ ಮೂರೂ ಪಡೆಗೆ ಇದೊಂದೇ.
ಖಾಕಿ ಕೆರೆದು ಬೂದು, ಬೂದಿನ ಮೇಲೆ ನೀಲಿ.

ಮುಹರ್ರಕ್‌ನ ಗೋದಾಮಿಗೆ ಬಂದು
ಘಾನಿಮ್ ಸಹಿ ಹಾಕಿ ಒಯ್ಯುತ್ತಾನೆ,
ವಾಪಸು ಬರುವಾಗ ಕೇಬಲ್ ಇರುವುದಿಲ್ಲ.
ಗೊತ್ತು ನನಗೆ. ನಮ್ಮ ರೂಮಿನಲ್ಲೂ
ಎಂಟು ಮಂದಿಗೆ ಒಂದೇ ಮಿಕ್ಸಿ;
ಜಾರು ಒಬ್ಬನ ಮಂಚದಡಿ,
ಮುಚ್ಚಳ ಇನ್ನೊಬ್ಬನ ಪೆಟ್ಟಿಗೆಯಲ್ಲಿ.

ಗುರುವಾರ ಪರೀಕ್ಷೆ. ಅಂಗಳದಲ್ಲಿ ಸ್ವಿಚ್ಚು ಒತ್ತಿದರು.
ಕಿವಿಯಲ್ಲಿ ಸಿಂತಿಯಾ,
"ಲಾದ್ರು, ಡಾಕ್ಟರು ಹೇಳಿದ್ದು ಏನೆಂದರೆ"
ಆಮೇಲೆ ಬರೀ ಮರಳು ಜರಡಿ ಹಿಡಿದ ಸದ್ದು.

ಫೋನು ಅಲ್ಲಾಡಿಸಿ ನೋಡಿದೆ.
ಷರಾ ಎಂಬ ಅಂಕಣದಲ್ಲಿ
ಬರೆದೆ: ಚೆನ್ನಾಗಿ ಕೆಲಸ ಮಾಡುತ್ತಿದೆ.