ಕನ್ನಡಿ ನೋಡಬೇಡ

ಬಿಳಿಯೊಂದನ್ನೇ ಇಡು, ಅಂದಳು ಮಾರ್ಗೆಡ್.
ಕೆಂಪು ಬೇಡ, ನೀಲಿ ಬೇಡ,
ಜೇಬಿನ ಚಿಂತೆಯಂತೂ ಬೇಡವೇ ಬೇಡ.
ಕಂದಿನ ಚುಕ್ಕೆಯ ಮೇಲಿಟ್ಟು ನೇರ ಹೊಡೆ.
ನೀಲಿಯ ಚುಕ್ಕೆ, ಗುಲಾಬಿಯದು, ಕಪ್ಪಿನದು ದಾಟಿ
ಆ ತುದಿಯ ಅಂಚಿಗೆ ಬಡಿದು
ಹೋದ ದಾರಿಯಲ್ಲೇ ಮರಳಿ
ನಿನ್ನ ಕ್ಯೂ ಮೂತಿಗೇ ಬಂದು ತಾಗಬೇಕು.

ಹೊಡೆದೆ.
ಹೋಗುವಾಗ ಸಾಧುವಿನ ಹಾಗೆ ಹೋಯಿತು.
ಬರುವಾಗ ಎಡಕ್ಕೆ ಒಂದು ಗೇಣು.
ಮತ್ತೆ ಹೊಡೆದೆ: ಒಂದು ಗೇಣು.
ಇಪ್ಪತ್ತೆರಡು ವರ್ಷದಿಂದ ಅದೇ ಗೇಣು,
ಅದರೊಳಗೆ ಎಷ್ಟು ಮಂಗಳವಾರಗಳು ಬಿದ್ದುಹೋದವು,
ಅಂಚಿನಲ್ಲಿ ನಿಂತು ನಕ್ಕ ಎಷ್ಟು ಕಪ್ಪು ಚೆಂಡು.

ಬಟ್ಟೆಯದೇ ದೋಷ, ಅಂದೆ.
ಅನ್ನಬಾರದಿತ್ತು.
ಈ ಕಣಿವೆಯ ಒಂದೊಂದು ಕ್ಲಬ್ಬಿನ ಮೇಜಿಗೂ
ನಲವತ್ತು ವರ್ಷ ಹಸಿರು ಹೊದಿಸಿದವಳು ಅವಳು,
ಕಲ್ಲಿನ ಹಾಸಿನ ಮೇಲೆ ಬಟ್ಟೆ ಎಳೆದು
ಮೊಳೆ ಬಡಿದು, ಇಸ್ತ್ರಿ ತಿಕ್ಕಿ,
ಬೆಕ್ಕಿನ ಬೆನ್ನು ಸವರಿದಂತೆ ಒಂದೇ ದಿಕ್ಕಿಗೆ ಸವರಿ.
ಈಗ ಕೈ ನಡುಗುತ್ತದೆ. ಕ್ಯೂ ಮುಟ್ಟುವುದಿಲ್ಲ.
ಅಂಗೈಯನ್ನು ಮೇಜಿನ ಉದ್ದಕ್ಕೂ ಒಮ್ಮೆ ಎಳೆದಳು.
ಬಟ್ಟೆ ಸುಳ್ಳು ಹೇಳುವುದಿಲ್ಲ ಇಲ್ಟಿಡ್,
ಎರಡೂ ಅಂಗೈ ಸೇರಿಸಿ ಕಿಂಡಿ ಮಾಡು ನೋಡೋಣ.

ಕಿಂಡಿಯೊಳಗಿಂದ ಗೋಡೆಯ ಫೋಟೋ:
ಗಣಿಯವರ ಹಿತ್ತಾಳೆ ವಾದ್ಯದ ಮೇಳ,
ಎಡದಿಂದ ಮೂರನೆಯವನ ಟೋಪಿ.
ಬಲಗಣ್ಣು ಮುಚ್ಚಿದೆ. ಟೋಪಿ ಅಲ್ಲೇ ಇತ್ತು.
ಎಡಗಣ್ಣು ಮುಚ್ಚಿದೆ. ಟೋಪಿ ಮಾಯ,
ಬರೀ ಗೋಡೆಯ ಒದ್ದೆ ಕಲೆ.
ನಿನ್ನ ಯಜಮಾನ ಎಡಗಣ್ಣು ಕಣೋ,
ಇಷ್ಟು ದಿನ ಆಳಿನ ಕೈಲಿ ಸಹಿ ಹಾಕಿಸಿದ್ದೀಯ.

ಗದ್ದದ ಕೆಳಗೆ ಕ್ಯೂ ಒಂದಂಗುಲ ಸರಿಯಿತು.
ಎಂಥ ವಿಚಿತ್ರ ಅಂತೀರಿ,
ಬೇರೆಯವರ ಚಪ್ಪಲಿಯೊಳಗೆ ಕಾಲಿಟ್ಟ ಹಾಗೆ.
ಗೇಣು ನಾಲ್ಕು ಬೆರಳಾಯಿತು.
ನಾಲ್ಕು ಬೆರಳು ನಾಲ್ಕೇ ಆಗಿ ಉಳಿಯಿತು.

ಅಬರ್‌ಡೇರಿನಿಂದ ಪಾಂಟಿಪ್ರಿಡ್ಡಿಗೆ ನಾನು ಬಸ್ಸು ಓಡಿಸುತ್ತೇನೆ.
ಗುರುವಾರ ಅವಳು ಹತ್ತಿದ್ದಳಂತೆ, ಹಿಂದೆ ಕೂತಿದ್ದಳಂತೆ.
ಕಾಲು ಒತ್ತುವ ಮೊದಲೇ ನಿನ್ನ ತಲೆ ಕನ್ನಡಿಗೆ ಏಳುತ್ತದೆ.
ಅಲ್ಲಿ ಅದು ಪುಣ್ಯ.
ಇಲ್ಲಿ ಬಿಳಿ ಹೊರಡುವುದರೊಳಗೆ
ಅದು ಎಲ್ಲಿ ಹೋಯಿತೆಂದು ನೋಡುತ್ತೀಯ.
ಇಲ್ಲಿ ಕನ್ನಡಿ ಇಲ್ಲ.

ಅವಳಿಗೆ ಹೇಳಲಿಲ್ಲ:
ಮೌಂಟನ್ ಆಶ್ ನಿಲ್ದಾಣ, ನವೆಂಬರ್,
ಓಡೋಡಿ ಬಂದ ಮುದುಕನ ತೋಳು
ಬಾಗಿಲ ರಬ್ಬರಿನಲ್ಲಿ.
ಏನೂ ಆಗಲಿಲ್ಲ. ಎರಡು ಗಜ.
ಕೋಟು ಕೊಡವಿಕೊಂಡು ಅವನೇ ಕ್ಷಮೆ ಕೇಳಿದ.
ಆಮೇಲಿನಿಂದ ನನ್ನ ತಲೆ ನನ್ನ ಮಾತು ಕೇಳುವುದಿಲ್ಲ.

ನನ್ನ ನೆತ್ತಿಯ ಮೇಲೆ ಅವಳ ಕೈ ಬಂತು,
ಎಲೆಯಂತೆ ಅದುರುವ ಕೈ.
ಇದು ನಡುಗಲಿ, ಅಂದಳು. ನೀನು ನಡುಗಬೇಡ.
ಯಾವುದು ಯಾರದು ಅಂತ ನನಗೆ ಗೊತ್ತಾಗುತ್ತದೆ.

ಹಿಂದಕ್ಕೆಳೆದೆ.
ನಿಲ್ಲು, ಅಂದಳು. ಉಸಿರು ಆಚೆ ಹೋಗುವಷ್ಟು ಹೊತ್ತು.
ಹಾಯಿಸಿದೆ.

ತಲೆ ಎತ್ತಲಿಲ್ಲ.
ದೂರದಲ್ಲಿ ರಬ್ಬರು ಮೆತ್ತಗೆ ಗುದ್ದಿಸಿಕೊಂಡಿತು.
ಆಮೇಲೆ ಬಟ್ಟೆಯ ಮೇಲೆ ಏನೋ ಉರುಳಿ ಬರುವ ಸದ್ದು,
ಅಷ್ಟು ನಿಧಾನ,
ಇಪ್ಪತ್ತೆರಡು ವರ್ಷ ನಾನದನ್ನು ಕೇಳಿಯೇ ಇರಲಿಲ್ಲ.
ಕ್ಯೂವಿನೊಳಗೆ ಹಾದು ಮಣಿಕಟ್ಟಿಗೆ
ಒಂದು ಸಣ್ಣ ತಟ್ಟು.

ಕೂದಲೆಳೆ ಎಡಕ್ಕಿದೆ, ಅಂದಳು ಕೈ ತೆಗೆಯುತ್ತ.
ಕೋಟು ಹಾಕಿಕೊಂಡಳು, ಗುಂಡಿ ಹಾಕಲು ಬಹಳ ಹೊತ್ತು ಹಿಡಿಯಿತು.
ಕಡೇ ಬಸ್ಸು ಎಷ್ಟು ಗಂಟೆಗೆ?
ನಾನು ಹೊರಟಾಗ, ಅಂದೆ.

ಮೂರನೇ ಸೀಟಿನಲ್ಲಿ ಕೂತಳು.
ಬಾಗಿಲು ಮುಚ್ಚುವ ಮೊದಲು ಕನ್ನಡಿ ನೋಡಿದೆ.
ಎರಡು ಸಲ.